ಡಿಸೆಂಬರ್ ಮೂವತ್ತೊಂದರ ಮಗು

ಕರ್ಟ್ ವೊಸಿಕಾ ಹೆಂಡತಿಗೆ ಸುಳ್ಳು ಹೇಳುವ ಗಂಡಸಲ್ಲ. ಹೇಳಲು ಬರುವುದೂ ಇಲ್ಲ. ಹೇಳಿದರೆ ಕಿವಿ ಕೆಂಪಗಾಗುತ್ತದೆ, ಅದು ಊರಿಗೆಲ್ಲ ಗೊತ್ತು. ಆರು ವರ್ಷದ ಸಂಸಾರದಲ್ಲಿ ಅವನು ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನು ಹೇಳಿದ ದಿನ ಜನೆಲ್ ಅವನ ಕಿವಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಮಗು ಹುಟ್ಟುವಾಗಲೇ ಜೀವ ಇರಲಿಲ್ಲ ಅಂದಿದ್ದ. ಜೀವ ಇತ್ತು. ಇಪ್ಪತ್ತೆರಡು ನಿಮಿಷ ಇತ್ತು.

ಆ ಸುಳ್ಳು ಈಗ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಊರಿನ ಲೈಬ್ರರಿಯಲ್ಲಿ, ತೆರಿಗೆ ಫಾರಂ ತುಂಬಿಕೊಡುವ ಮುದುಕಿಯೊಬ್ಬಳ ಮುಂದೆ ಬಯಲಾಗುವುದರಲ್ಲಿತ್ತು. ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಕಟ್ಟುವುದಾದರೆ ಇಬ್ಬರೂ ಬಂದು ಕೂರಬೇಕು ಅನ್ನುವುದು ಅಲ್ಲಿಯ ನಿಯಮ. ಪ್ರತಿ ವರ್ಷದ ಹಾಗೆ ಜನೆಲ್ಲೇ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಂಡಿದ್ದಳು. ಕರ್ಟ್ "ಏಪ್ರಿಲ್‌ವರೆಗೆ ಟೈಮಿದೆಯಲ್ಲ ಕಣೆ" ಅಂದು ನೋಡಿದ. "ಇರೋ ಕೆಲಸ ಮುಗಿಸಿಬಿಡೋಣ" ಅಂದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಹೀಗೇ ಇದ್ದಳು. ಮನೆಯಲ್ಲಿ ಬಾಕಿ ಉಳಿದ ಕೆಲಸ ಒಂದೂ ಇರಕೂಡದು.

ವೊಸಿಕಾ ಮನೆತನದಲ್ಲಿ ಡಿಸೆಂಬರ್ ಕೊನೇ ವಾರ ಹುಟ್ಟುವ ಮಗುವಿಗೆ ಸಿಗುವ ಮರ್ಯಾದೆಯೇ ಬೇರೆ. ಅಮೆರಿಕದ ನೆಬ್ರಾಸ್ಕಾದ ಆ ಮೂಲೆಗೆ ಯುರೋಪಿನ ಚೆಕ್ ಜನ ಬಂದು ನೂರೈವತ್ತು ವರ್ಷವಾಗುತ್ತ ಬಂತು. ಭಾಷೆ ಮರೆತರು, ಲೆಕ್ಕ ಮರೆಯಲಿಲ್ಲ. ವರ್ಷದ ಕೊನೇ ದಿನ, ಹನ್ನೆರಡು ಹೊಡೆಯಲು ಒಂದು ನಿಮಿಷವಿದೆ ಅನ್ನುವಾಗ ಮಗು ಹುಟ್ಟಿದರೂ ಸರಿ, ಸರ್ಕಾರದ ಕಣ್ಣಿಗೆ ಅದು ವರ್ಷಪೂರ್ತಿ ಮನೆಯಲ್ಲಿದ್ದ ಕೂಸು. ಇಡೀ ವರ್ಷದ ತೆರಿಗೆ ರಿಯಾಯಿತಿ ಅಪ್ಪ ಅಮ್ಮನ ಕೈಗೆ ಬರುತ್ತದೆ. ಒಂದು ನಿಮಿಷ ತಡವಾಯಿತೋ, ಹೋಯಿತು, ಇನ್ನೊಂದು ವರ್ಷ ಕಾಯಬೇಕು. ಕರ್ಟ್ ಹುಟ್ಟಿದ್ದು ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ. ಅವನಪ್ಪ ಎಮಿಲ್‌ಗೆ ಅದು ಇವತ್ತಿಗೂ ಹೇಳಿ ಮುಗಿಯದ ಸಂತೋಷ.

"ಲೋ ಕರ್ಟ್, ನಮ್ಮ ಕೊಟ್ಟಿಗೇಲಿ ಎಷ್ಟು ಕರು ಹುಟ್ಟಿದಾವೋ ಲೆಕ್ಕ ಇಲ್ಲ," ಅನ್ನುತ್ತಿದ್ದ ಪ್ರತಿ ಹುಟ್ಟುಹಬ್ಬಕ್ಕೂ. "ಮೂರೇ ದಿನಕ್ಕೆ ತನ್ನ ಮೇವಿನ ಖರ್ಚು ತಾನೇ ದುಡಿದಿದ್ದು ನೀನೊಬ್ಬನೇ ಕಣೋ. ಅಲ್ಲಿಂದೀಚೆಗೆ ದುಡಿದಿದ್ದು ನಾನು ಕಾಣೆ."

ಹೋದ ಕ್ರಿಸ್ಮಸ್ ಊಟಕ್ಕೆ ಕೂತಾಗ ಜನೆಲ್‌ಗೆ ದಿನ ತುಂಬಿತ್ತು. ಹಂದಿಮಾಂಸ, ಹಿಟ್ಟಿನ ಉಂಡೆ, ಹುಳಿ ಎಲೆಕೋಸು, ಎಲ್ಲವೂ ಮೇಜಿನ ಮೇಲಿದ್ದವು. ಅವಳ ಹೊಟ್ಟೆ ಮೇಜಿಗೆ ತಾಗಿ ತಟ್ಟೆ ದೂರವಾಗಿತ್ತು. ಎಮಿಲ್ ಚಾಕುವಿನಿಂದ ಗೋಡೆಯ ಕ್ಯಾಲೆಂಡರ್ ತೋರಿಸಿದ.

"ಮಗಳೇ, ನಿಂಗೆ ಆರು ದಿನ ಟೈಮಿದೆ. ಆ ಉಂಡೆ ಹಾಗಿಟ್ಟು ಎದ್ದು ನಾಲ್ಕು ಸಲ ಮೆಟ್ಟಿಲು ಹತ್ತಿಳಿ."

"ನಿಮ್ಮ ಮೊಮ್ಮಗಳಿಗೆ ಟ್ಯಾಕ್ಸ್ ಆಫೀಸಿಂದಲೇ ಒಂದು ಫೋನ್ ಮಾಡಿಸಿ ಮಾವ. ನನ್ನ ಮಾತಂತೂ ಕೇಳ್ತಿಲ್ಲ," ಅಂದಳು ಜನೆಲ್. ಎಲ್ಲರೂ ನಕ್ಕರು. ಕರ್ಟ್ ಎಲ್ಲರಿಗಿಂತ ಜೋರಾಗಿ ನಕ್ಕ.

ಎರಡು ದಿನ ಬಿಟ್ಟು ಡಾಕ್ಟರ ಹತ್ತಿರ ಹೋದರು. ರಕ್ತದೊತ್ತಡ ಒಂದು ಚೂರು ಏರಿದೆ, ಗಾಬರಿಯೇನಿಲ್ಲ, ಆದರೂ ನಾವೇ ಹೆರಿಗೆ ನೋವು ಬರಿಸಿಬಿಡೋಣ ಅಂದರು ಅವರು. ಮೂವತ್ತೊಂದು ಆಗಬಹುದು, ಎರಡನೇ ತಾರೀಕಾದರೂ ಆಗಬಹುದು, ನಿಮಗೆ ಯಾವುದು ಅನುಕೂಲವೋ ನೋಡಿ ಅಂದರು.

"ಎರಡು ಮಾಡೋಣ," ಅಂದಳು ಜನೆಲ್. "ಹೊಸ ವರ್ಷ. ಅವಳಿಗೂ ಒಂದು ಚೆಂದದ ತಾರೀಕು ಇರ್ಲಿ."

"ಮೂವತ್ತೊಂದೇ ಮಾಡ್ಕೊಳೋಣ ಕಣೆ," ಅಂದ ಕರ್ಟ್. "ಒಂದು ದಿನ ಇದ್ರೆ ಇಡೀ ವರ್ಷದ ಮಗು. ಎರಡು ಸಾವಿರ ಡಾಲರ್ ಮೇಲೆ ಬರತ್ತೆ. ತೊಟ್ಟಿಲು, ಕಾರ್ ಸೀಟು, ಎಲ್ಲದಕ್ಕೂ ಆಯ್ತು."

"ನೀನೂ ನಿಮ್ಮಪ್ಪನೂ ಒಂದೇ ಅಚ್ಚು," ಅಂದು ಅವಳು ನಕ್ಕು ಒಪ್ಪಿದಳು. ಡಾಕ್ಟರೂ ನಕ್ಕು ಬರೆದುಕೊಂಡರು. ಅಲ್ಲಿ ಪ್ರತಿ ಡಿಸೆಂಬರಿನಲ್ಲೂ ಯಾರಾದರೊಬ್ಬರು ಇದೇ ಮಾತಾಡುತ್ತಾರೆ, ತಪ್ಪೇನಿಲ್ಲ ಅದರಲ್ಲಿ. ತಪ್ಪೇನಿಲ್ಲ ಅಂತ ಕರ್ಟ್ ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ ಲೆಕ್ಕವಿಲ್ಲ.

ಮೂವತ್ತೊಂದರ ಬೆಳಿಗ್ಗೆ ಹತ್ತೂವರೆವರೆಗೂ ಎಲ್ಲ ಸರಿಯಾಗೇ ಇತ್ತು. ಜನೆಲ್ ಐಸ್ ಚೂರು ಬಾಯಿಗೆ ಹಾಕಿಕೊಂಡು ಟಿವಿ ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅವಳ ಹೊಟ್ಟೆ ಹಲಗೆಯಾಯಿತು, ಹಾಸಿಗೆ ಒದ್ದೆಯಾಯಿತು, ಒದ್ದೆಯಾದದ್ದು ಕೆಂಪಗಿತ್ತು. ಒಳಗೆ ಮಗುವಿಗೆ ಉಸಿರು ಕೊಡುವ ಮಾಸು ಹೆರಿಗೆಗೆ ಮುಂಚೆಯೇ ಕಿತ್ತುಬಂದಿತ್ತು. ಅವಳಿಗೆ ಪೂರ್ತಿ ಎಚ್ಚರ ತಪ್ಪಿಸಿ, ಕೊಯ್ದು ಮಗು ತೆಗೆದರು. ಕರ್ಟ್‌ನನ್ನು ಒಳಗೆ ಬಿಡಲಿಲ್ಲ. ಆಮೇಲೆ ಯಾರೋ ಬಂದು ಬಾ ಅಂದರು. ಹನ್ನೊಂದು ನಾಲ್ಕಕ್ಕೆ ಹುಟ್ಟಿದಳು. ದೊಡ್ಡ ಆಸ್ಪತ್ರೆಯಿಂದ ಹೆಲಿಕಾಪ್ಟರ್ ಹೊರಟಿದೆ ಅಂದರು. ಅದು ಬರುವಷ್ಟರಲ್ಲಿ ಹನ್ನೊಂದು ಇಪ್ಪತ್ತಾರು ಆಗಿ ಹೋಗಿತ್ತು.

ಇದನ್ನೆಲ್ಲ ಕರ್ಟ್ ಹೀಗೇ ನೆನಪಿಸಿಕೊಳ್ಳುತ್ತಿದ್ದ, ಇನ್ಯಾರದೋ ಮನೆಯಲ್ಲಿ ಆದದ್ದನ್ನು ಮೂರನೆಯವರಿಂದ ಕೇಳಿದ ಹಾಗೆ. ಅಳು ಬರಲಿಲ್ಲ. ಅವತ್ತೂ ಬರಲಿಲ್ಲ, ಮಣ್ಣು ಮಾಡಿದ ದಿನವೂ ಬರಲಿಲ್ಲ. ನಾಚಿಕೆಯಾಯಿತು. ತನಗೆ ಏನೋ ಕಡಿಮೆಯಿದೆ ಅನ್ನಿಸಿತು, ಆಮೇಲೆ ಹಾಗೆ ಅನ್ನಿಸುವುದೂ ನಿಂತಿತು.

ಮಧ್ಯಾಹ್ನ ಎರಡಕ್ಕೆ ಜನೆಲ್ ಕಣ್ಣು ಬಿಟ್ಟಳು. ತುಟಿ ಒಣಗಿತ್ತು. ಮಾತು ತೊದಲುತ್ತಿತ್ತು.

"ಅತ್ತಳಾ?" ಅಂದಳು.

ಮಗು ಹೋಯಿತು ಅನ್ನುವುದು ಅವಳಿಗೆ ಅವನ ಮುಖ ನೋಡಿಯೇ ಗೊತ್ತಾಗಿತ್ತು. ಅವಳು ಕೇಳಿದ್ದು ಅಷ್ಟೇ, ಅತ್ತಳಾ, ಅಮ್ಮ ಬೇಕು ಅಂತ ಅತ್ತಳಾ ಅಂತ. ಕರ್ಟ್ ಬಾಯಿಂದ ತಾನಾಗಿ ಬಂತು: "ಇಲ್ಲ ಕಣೆ. ಹುಟ್ಟೋವಾಗಲೇ ಇರ್ಲಿಲ್ಲ."

ಮಗು ಬದುಕಿದ್ದಾಗ ತಾನು ಪಕ್ಕದ ಕೋಣೆಯಲ್ಲೇ ಎಚ್ಚರ ತಪ್ಪಿ ಮಲಗಿದ್ದೆ ಅಂತ ಗೊತ್ತಾದರೆ ಇವಳು ಉಳಿಯುವುದಿಲ್ಲ ಅಂದುಕೊಂಡ. ಒಳ್ಳೆಯದಕ್ಕೇ ಹೇಳಿದ, ಸರಿ. ಇನ್ನೊಂದು ಕಾರಣವೂ ಇತ್ತು. ಅದರ ಹತ್ತಿರ ಅವನು ತಾನೂ ಹೋಗುತ್ತಿರಲಿಲ್ಲ. ನರ್ಸುಗಳ ಹತ್ತಿರ, "ಅವಳ ಮುಂದೆ ಆ ವಿಷಯ ಎತ್ತಬೇಡಿ, ತಡಕೊಳ್ಳೋಕಾಗಲ್ಲ ಅವಳಿಗೆ" ಅಂದ. ಅವರು ಒಳ್ಳೇ ಜನ, ಎತ್ತಲಿಲ್ಲ. ಡಾಕ್ಟರ್ ಬಂದು, "ನಮ್ಮ ಕೈಲಾದದ್ದೆಲ್ಲ ಮಾಡಿದೆವು" ಅಂದರು. ಅದು ಎರಡೂ ಕಡೆಗೆ ಹೊಂದುವ ಮಾತು. ತಾರೀಕಿಗೂ ಇದಕ್ಕೂ ಸಂಬಂಧವಿಲ್ಲ ಅಂತಲೂ ಅಂದರು. "ಎರಡನೇ ತಾರೀಕಿಗೂ ಹೀಗೇ ಆಗ್ತಿತ್ತೋ ಏನೋ, ಯಾರಿಗೆ ಗೊತ್ತು." ಆ 'ಏನೋ' ಕರ್ಟ್‌ನ ತಲೆಯೊಳಗೆ ಕೂತುಬಿಟ್ಟಿತು.

ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ಜನೆಲ್ ಕೈಗೆ ಕೊಟ್ಟರು. ರೋಸಾಲಿ ಅಂತ ಹೆಸರಿಟ್ಟಾಗಿತ್ತು. ಅವಳು ಎರಡು ಗಂಟೆ ಎತ್ತಿಕೊಂಡು ಕೂತಿದ್ದಳು.

ಆಮೇಲಿನ ದಿನಗಳಲ್ಲಿ ಊರಿನ ಹೆಂಗಸರು ಬಂದರು, ಗಸಗಸೆ ಹೂರಣದ ಕೊಲಾಚಿ ಬನ್ನು ತಂದರು. ಯಾರು ಬಂದರೂ ಜನೆಲ್ ಒಂದೇ ಮಾತು ಹೇಳುತ್ತಿದ್ದಳು: "ಅವಳಿಗೆ ಏನೂ ಗೊತ್ತಾಗಲಿಲ್ಲ. ನೋವಿಲ್ಲ, ಚಳಿಯಿಲ್ಲ. ಒಳಗೇ ನಿದ್ದೆ ಮಾಡಿದಳು, ಅಷ್ಟೇ." ಬಂದವರು ಹೌದು ಹೌದು ಅಂದು ತಲೆಯಾಡಿಸುತ್ತಿದ್ದರು. ಕರ್ಟ್ ಬಾಗಿಲ ಹತ್ತಿರ ನಿಂತು ಅವರ ಕೋಟು ಹಿಡಿದುಕೊಂಡಿರುತ್ತಿದ್ದ. ಅವಳು ದಿನಕ್ಕೆ ನಾಲ್ಕು ಸಲ ಹೇಳುವ ಆ ಮಾತಿನ ಮೇಲೆ ಇಡೀ ಮನೆ ನಿಂತಿತ್ತು, ಅದು ತಾನು ಕಟ್ಟಿಕೊಟ್ಟ ಸುಳ್ಳು ಅನ್ನುವುದು ಅವನಿಗೊಬ್ಬನಿಗೇ ಗೊತ್ತಿತ್ತು. ಮೂರನೇ ವಾರಕ್ಕೆ ಜನೆಲ್ ಔಷಧಿ ಅಂಗಡಿಯ ಕೆಲಸಕ್ಕೆ ಹೋಗತೊಡಗಿದಳು. ಗಿರಾಕಿಗಳಿಗೆ ಮಾತ್ರೆ ಕಟ್ಟಿಕೊಟ್ಟು, ಊಟಕ್ಕೆ ಮುಂಚೆಯೋ ಆಮೇಲೋ ಅಂತ ತಿಳಿಸಿ ಹೇಳಿ, ಸಂಜೆ ಬಂದು ಕೈ ತೊಳೆದು ಕೂರುತ್ತಿದ್ದಳು. ಇಬ್ಬರೂ ಟಿವಿ ನೋಡುತ್ತಿದ್ದರು. ಏನು ನೋಡಿದಿರಿ ಅಂತ ಕೇಳಿದ್ದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಜನವರಿ ಕೊನೆಗೆ ಕರ್ಟ್ ಕೆಲಸ ಮಾಡುವ ಧಾನ್ಯದ ಗೋದಾಮಿಗೆ ಒಂದು ಲಕೋಟೆ ಬಂತು. ಮನೆಯ ವಿಳಾಸ ಕೊಡದೆ ಅಲ್ಲಿಯದು ಕೊಟ್ಟವನು ಅವನೇ. ಒಳಗೆ ಎರಡು ಕಾಗದ, ಒಂದು ಜನನದ್ದು, ಒಂದು ಮರಣದ್ದು. ಜೀವವಿಲ್ಲದೆ ಹುಟ್ಟಿದ ಮಗುವಿಗೆ ಜನನದ ಪತ್ರ ಬರುವುದಿಲ್ಲ. ಕರ್ಟ್ ಅದನ್ನು ಟ್ರಕ್ಕಿನ ಮುಂದಿನ ಡಬ್ಬಿಯಲ್ಲಿ ಇನ್ಶೂರೆನ್ಸ್ ಕಾಗದದ ಕೆಳಗಿಟ್ಟ. ಸುಡಲು ಕೈ ಬರಲಿಲ್ಲ.

ಆ ಶನಿವಾರ ಹಿಮ ಬಿದ್ದು ನಿಂತಿತ್ತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಮಕ್ಕಳ ಪುಸ್ತಕದ ಕಪಾಟುಗಳ ನಡುವೆ ಒಂದು ಮಡಚುವ ಮೇಜು ಹಾಕಿಕೊಂಡು ಆರ್ಲೀನ್ ಸೊಬೋಟ್ಕಾ ಕೂತಿದ್ದಳು. ಎಪ್ಪತ್ತನಾಲ್ಕು ವರ್ಷ. ಮೂವತ್ತೆಂಟು ವರ್ಷ ಆರನೇ ಕ್ಲಾಸಿಗೆ ಲೆಕ್ಕ ಕಲಿಸಿದವಳು. ಕರ್ಟ್‌ಗೂ ಕಲಿಸಿದ್ದಳು, ಜನೆಲ್‌ಗೂ. ಈಗ ಪ್ರತಿ ಚಳಿಗಾಲ ಊರಿನವರ ತೆರಿಗೆ ಫಾರಂ ಪುಕ್ಕಟೆಯಾಗಿ ತುಂಬಿಕೊಡುತ್ತಾಳೆ. ಅವಳ ಪದ್ಧತಿ ಒಂದಿದೆ. ಕಂಪ್ಯೂಟರಿಗೆ ಹಾಕಿದ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾಳೆ. ಗಂಡ ಹೌದು ಅನ್ನಬೇಕು, ಹೆಂಡತಿ ಹೌದು ಅನ್ನಬೇಕು, ಬಾಯಿ ಬಿಟ್ಟು. ಅಲ್ಲಿಯವರೆಗೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಎಪ್ಪತ್ತು ದಾಟಿದ ರೈತರೂ ಅವಳೆದುರು ಹುಡುಗರ ಹಾಗೆ ಹೌದು ಮಿಸೆಸ್ ಸೊಬೋಟ್ಕಾ ಅಂತ ಕೂರುತ್ತಾರೆ.

"ಬಾ ಜನೆಲ್. ಕೂತ್ಕೋ ಕರ್ಟ್. ಬೂಟಿಗೆ ಮೆತ್ತಿರೋ ಹಿಮ ಕೊಡವಿದ್ಯಾ? ಕೊಡವಿ ಬಾ."

ಕರ್ಟ್ ಹೋಗಿ ಕೊಡವಿ ಬಂದ. ಅವಳಿಗೆ ವಿಷಯ ಗೊತ್ತಿತ್ತು, ಮಣ್ಣಿಗೆ ಬಂದಿದ್ದಳು. ಆದರೆ ಅದರ ಬಗ್ಗೆ ಮಾತೆತ್ತದೆ, ಗೋದಾಮಿನ ಸಂಬಳದ ಕಾಗದ ತೆಗೆದುಕೊಂಡಳು, ಔಷಧಿ ಅಂಗಡಿಯದು ತೆಗೆದುಕೊಂಡಳು, ಕನ್ನಡಕ ಮೂಗಿನ ತುದಿಗೆ ಇಳಿಸಿದಳು. ಹೆಸರು ಓದಿದಳು, ಹೌದು, ಹೌದು. ವಿಳಾಸ ಓದಿದಳು, ಹೌದು. ಕರ್ಟ್ ಒಮ್ಮೆ ತಲೆಯಾಡಿಸಿದ್ದಕ್ಕೆ, "ಅದು ನಂಗೆ ಕೇಳ್ಸಲ್ಲ ಕಣೋ" ಅಂದಳು.

ಆಮೇಲೆ ಅವಳ ಕೈ ಕೀಲಿಮಣೆಯ ಮೇಲೆ ನಿಂತಿತು.

"ಜನೆಲ್, ಇದನ್ನ ಕೇಳಬಾರದು. ಕೇಳದೆ ಬಿಡೋ ಹಾಗೂ ಇಲ್ಲಮ್ಮ, ಇಲ್ಲಿ ಪ್ರಶ್ನೆ ಇದೆ. ಹೋದ ವರ್ಷ ಮಗು..."

"ಹುಟ್ಟಿದಳು," ಅಂದಳು ಜನೆಲ್. "ಜೀವ ಇರಲಿಲ್ಲ."

"ಜೀವ ಇಲ್ದೆ ಹುಟ್ಟಿದ್ರೆ ಇದರಲ್ಲಿ ಜಾಗ ಇಲ್ಲ. ಒಂದೇ ಒಂದು ಉಸಿರು ಇದ್ದಿದ್ರೂ ಇಡೀ ವರ್ಷದ ಲೆಕ್ಕ. ಈ ನಿಯಮ ಮಾಡಿದವಳು ನಾನಲ್ಲ."

"ಗೊತ್ತು ಮಿಸೆಸ್ ಸೊಬೋಟ್ಕಾ. ಅಂಗಡೀಲಿ ಜನ ಇಲ್ಲದ ಹೊತ್ತಲ್ಲಿ ಓದಿದೆ. ದುಡ್ಡಿಗಲ್ಲ." ಜನೆಲ್ ತನ್ನ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ನೇರ ಮಾಡುತ್ತಿದ್ದಳು. "ಅವಳ ಹೆಸರು ಎಲ್ಲಾದ್ರೂ ಒಂದು ಕಡೆ ಬರೆಯೋಕೆ ಬರತ್ತಾ ಅಂತ ನೋಡ್ದೆ. ಬರಲ್ಲ. ಇಲ್ಲ ಅಂತ ಹಾಕಿ."

ಕರ್ಟ್‌ಗೆ ಇದು ಗೊತ್ತಿರಲಿಲ್ಲ. ಅವಳು ಓದಿದ್ದು ಗೊತ್ತಿರಲಿಲ್ಲ, ಅವಳಿಗೆ ಹೆಸರು ಬರೆಸಬೇಕು ಅಂತ ಇದ್ದದ್ದು ಗೊತ್ತಿರಲಿಲ್ಲ. ತಾನು ಕಾದದ್ದು ಇದಕ್ಕೇ ಅಲ್ಲವೇ, ಇಲ್ಲ ಅಂತ ಹಾಕಿ ಅನ್ನುವ ಮಾತಿಗೆ. ಅದನ್ನು ಅವಳೇ ಹೇಳಿಯಾಗಿತ್ತು. ಇನ್ನು ಒಂದು ಹೌದು ಅಂದರೆ ಸಾಕು, ಆ ಲಕೋಟೆ ಟ್ರಕ್ಕಿನಲ್ಲಿ ಇರುವಷ್ಟು ದಿನ ಇರುತ್ತದೆ, ಹೆಂಡತಿ ತನ್ನ ಸಮಾಧಾನ ಇಟ್ಟುಕೊಂಡು ಬದುಕುತ್ತಾಳೆ. ಎರಡು ಸಾವಿರ ಡಾಲರ್ ಹೋದರೆ ಹಾಳಾಗಿ ಹೋಗಲಿ.

ಆರ್ಲೀನ್ ಒತ್ತಿದಳು. ಗಟ್ಟಿಯಾಗಿ ಓದಿದಳು, ಆದರೆ ಎಂದಿನಷ್ಟು ಗಟ್ಟಿಯಾಗಿ ಅಲ್ಲ.

"ಮಕ್ಕಳು, ಯಾರೂ ಇಲ್ಲ. ಹೌದಾ?"

"ಹೌದು," ಅಂದಳು ಜನೆಲ್.

"ಕರ್ಟ್?"

ಕರ್ಟ್ ತಲೆಯಾಡಿಸಿದ.

"ಬಾಯಿ ಬಿಟ್ಟು ಹೇಳು ಮರಿ. ಮುಗಿಸಿಬಿಡೋಣ."

ಅವನು ಬಾಯಿ ತೆರೆದ. ಬೆಳಗಿನಿಂದ ಹತ್ತು ಸಲ ಅಂದ ಮಾತೇ. ಪಕ್ಕದ ಕಪಾಟಿನ ಪುಸ್ತಕವೊಂದರ ಮೇಲೆ ಬಾತುಕೋಳಿಯ ಚಿತ್ರವಿತ್ತು. ಅದನ್ನೇ ನೋಡುತ್ತ ಕೂತ. ಆರ್ಲೀನ್ ಕಾದಳು. ಕಾಯುವುದು ಅವಳಿಗೆ ಬರುತ್ತದೆ, ಅದೇ ಅವಳ ಕಸುಬು.

"ಇಲ್ಲ," ಅಂದ ಕರ್ಟ್.

"ಇಲ್ಲ ಅಂದ್ರೆ? ಯಾರೂ ಇಲ್ಲ ಅಂತಲೋ, ನಾನು ಓದಿದ್ದು ತಪ್ಪು ಅಂತಲೋ?"

"ತಪ್ಪು. ಒಬ್ಬಳಿದಾಳೆ." ತನ್ನ ದನಿ ಗೋದಾಮಿನಲ್ಲಿ ತೂಕದ ಚೀಟಿ ಓದುವ ದನಿಯಂತೆ ಇದೆ ಅಂತ ಅವನಿಗೇ ಕೇಳಿಸಿತು. "ಹನ್ನೊಂದು ನಾಲ್ಕಕ್ಕೆ ಹುಟ್ಟಿದಳು. ಹನ್ನೊಂದು ಇಪ್ಪತ್ತಾರಕ್ಕೆ ಹೋದಳು. ಉಸಿರಾಡ್ತಿದ್ದಳು."

ಜನೆಲ್ ಅವನ ಕಡೆ ತಿರುಗಲಿಲ್ಲ. ಕೈಗವಸನ್ನು ಮಡಿಲಲ್ಲಿಟ್ಟಳು. ಹೊರಗಿನ ಕೋಣೆಯಲ್ಲಿ ಯಾರೋ ಪುಸ್ತಕಕ್ಕೆ ಮೊಹರು ಒತ್ತುತ್ತಿದ್ದರು. ಆಮೇಲೆ ಅವಳು ಮಾತಾಡಿದಳು, ಅಂಗಡಿಯಲ್ಲಿ ಔಷಧಿ ಚೀಟಿ ಇದೆಯಾ ಅಂತ ಕೇಳುವ ಹಾಗೆ.

"ಕಾಗದ ಇದ್ಯಾ?"

"ಟ್ರಕ್ಕಲ್ಲಿದೆ."

"ತಗೊಂಡ್ ಬಾ."

ಅವನು ಹೋಗಿ ತಂದ. ಕೋಟು ಹಾಕಿಕೊಳ್ಳದೆ ಹೋಗಿದ್ದ, ಚಳಿ ಗೊತ್ತಾಗಲಿಲ್ಲ. ಜನೆಲ್ ಲಕೋಟೆ ಬಿಚ್ಚಿ ಎರಡೂ ಕಾಗದ ಓದಿದಳು. ಮೊದಲನೆಯದನ್ನು ಮತ್ತೆ ಓದಿದಳು. ಅದರಲ್ಲಿ ತೂಕ ಬರೆದಿತ್ತು, ಹುಟ್ಟಿದ ಸಮಯ ಬರೆದಿತ್ತು, ತಾಯಿ ಅನ್ನುವ ಕಡೆ ಅವಳ ಹೆಸರಿತ್ತು. ಓದಿ ಮೇಜಿನ ಮೇಲಿಟ್ಟು ಆರ್ಲೀನ್ ಕಡೆಗೆ ತಳ್ಳಿದಳು.

"ಬರೀರಿ," ಅಂದಳು.

"ಇವತ್ತೇ ಆಗಬೇಕು ಅಂತೇನಿಲ್ಲಮ್ಮ. ಮುಂದಿನ ಶನಿವಾರ..."

"ಇವತ್ತೇ ಬರೀರಿ. ಮುಂದಿನ ಶನಿವಾರಕ್ಕೆ ನಾನು ಯಾಕೆ ಬಿಡಲಿ?"

ಆರ್ಲೀನ್ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡಳು. ಹೆಸರನ್ನು ಒಂದೊಂದೇ ಅಕ್ಷರ ಒತ್ತಿದಳು. ಮಗುವಿಗೆ ಸರ್ಕಾರದ ನಂಬರ್ ಇರಬೇಕು, ಇರಲಿಲ್ಲ. ಅದೇ ವರ್ಷ ಹುಟ್ಟಿ ಅದೇ ವರ್ಷ ಹೋದ ಮಗುವಾದರೆ ಆ ಜಾಗದಲ್ಲಿ ಏನು ಬರೆಯಬೇಕು ಅಂತ ನಿಯಮವಿದೆ. ಮೂವತ್ತೆಂಟು ವರ್ಷದ ಅಭ್ಯಾಸ, ಬಾಯಿ ಮುಚ್ಚಿಕೊಂಡು ಬರೆಯಲು ಅವಳಿಗೆ ಬರುವುದಿಲ್ಲ.

"ರೋಸಾಲಿ ಮೇ ವೊಸಿಕಾ. ಮಗಳು. ನಂಬರಿನ ಜಾಗದಲ್ಲಿ, ತೀರಿಕೊಂಡಿದ್ದಾಳೆ. ನಿಮ್ಮ ಮನೇಲಿ ವಾಸ ಇದ್ದ ತಿಂಗಳು, ಹನ್ನೆರಡು. ಹೌದಾ?"

"ಹನ್ನೆರಡು?" ಅಂದಳು ಜನೆಲ್.

"ಹಾಗೇ ಹಾಕಬೇಕು. ನಿಮ್ಮ ಮನೆಯೇ ಅವಳ ಮನೆ ಆಗಿರ್ತಿತ್ತಲ್ಲ. ಅದಕ್ಕೆ ಹನ್ನೆರಡು."

ಜನೆಲ್ ಕಂಪ್ಯೂಟರಿನ ತೆರೆಯನ್ನು ನೋಡುತ್ತಲೇ ಇದ್ದಳು. ಆರ್ಲೀನ್ ಅದನ್ನು ಅವಳ ಕಡೆಗೆ ಸ್ವಲ್ಪ ತಿರುಗಿಸಿ ಹಿಡಿದಳು.

"ಹೌದು," ಅಂದಳು ಜನೆಲ್.

"ಹೌದು," ಅಂದ ಕರ್ಟ್.

ಮಿಕ್ಕ ಸಾಲುಗಳೂ ಆದವು. ಸಹಿ ಹಾಕಿದರು. ಆರ್ಲೀನ್ ಎದ್ದು ಬಂದು ಜನೆಲ್‌ಳ ಕೋಟಿನ ಕಾಲರು ಸರಿಮಾಡಿದಳು. ಕರ್ಟ್ ಕಡೆ ನೋಡಲಿಲ್ಲ. ಅವಳ ಕಣ್ಣಲ್ಲಿ ಅವನು ಮತ್ತೆ ಆರನೇ ಕ್ಲಾಸಿನವನಾಗಿದ್ದ, ಉತ್ತರ ಗೊತ್ತಿದ್ದೂ ಸುಮ್ಮನೆ ಕೂತವನು.

ಟ್ರಕ್ಕಿನೊಳಗೆ ಕೂತ ಮೇಲೆ ಕರ್ಟ್ ಕೀಲಿ ತಿರುಗಿಸಿದ. ಹೀಟರಿನ ಗಾಳಿ ಮೊದಲು ತಣ್ಣಗೆ ಬಂತು, ಆಮೇಲೆ ಬೆಚ್ಚಗಾಯಿತು. ಜನೆಲ್ ಸೀಟಿನ ಬೆಲ್ಟ್ ಹಾಕಿಕೊಳ್ಳಲಿಲ್ಲ. ಅವನೂ ಗೇರು ಹಾಕಲಿಲ್ಲ.

"ನೀನು ಎತ್ಕೊಂಡಿದ್ಯಾ?" ಅಂದಳು.

"ಹೂಂ."

"ಎಷ್ಟು ಹೊತ್ತು?"

"ಒಂಬತ್ತು ನಿಮಿಷ. ಅದಕ್ಕೆ ಮುಂಚೆ ಅವರ ಹತ್ರ ಇದ್ದಳು. ಗಾಳಿ ಊದ್ತಿದ್ರು."

"ನಾನು ಎಲ್ಲಿದ್ದೆ?"

"ಪಕ್ಕದ ಕೋಣೇಲಿ. ನಿನ್ನ ಹೊಲೀತಿದ್ರು."

ಅವಳು ಇದನ್ನೆಲ್ಲ ಕೇಳಿಸಿಕೊಂಡಳು. ಅವಳು ಕಿರುಚಬಹುದು, ಹೊಡೆಯಬಹುದು ಅಂತ ಅವನು ಸಿದ್ಧನಾಗಿದ್ದ, ಹೊಡೆದರೆ ಒಳ್ಳೆಯದಿತ್ತು. ಅವಳು ಮಾತಾಡಿದ್ದು ಮೆಲ್ಲಗೆ, ಒಂದೊಂದೇ ಮಾತು ಎತ್ತಿ ಇಟ್ಟ ಹಾಗೆ.

"ನಾನು ದುಃಖ ತಡಕೊಳ್ಳಲ್ಲ ಅಂದ್ಕೊಂಡು ನಿಜ ಹೇಳಲಿಲ್ಲ ನೀನು, ಸರಿ. ಅದು ನಂಗೆ ಅರ್ಥ ಆಗತ್ತೆ. ಅವಳಿಗೆ ಏನೂ ಗೊತ್ತಾಗಲಿಲ್ಲ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ, ನೀನು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ಅದೂ ಇರ್ಲಿ. ಆದ್ರೆ ಕರ್ಟ್, ಅವಳಿಗೆ ಇದ್ದದ್ದೇ ಇಪ್ಪತ್ತೆರಡು ನಿಮಿಷ. ಅದರಲ್ಲಿ ನನಗೆ ಒಂದೂ ಸಿಗಲಿಲ್ಲ. ಕೇಳಿ ತಿಳ್ಕೊಳ್ಳೋಕಾದ್ರೂ ಸಿಗಬಹುದಿತ್ತು. ಅವಳ ಇಡೀ ಆಯಸ್ಸು ನೀನೊಬ್ಬನೇ ಇಟ್ಕೊಂಡುಬಿಟ್ಟೆ."

ಕರ್ಟ್ ಸ್ಟೀರಿಂಗ್ ಹಿಡಿದು ಕೂತ.

"ಹೇಳು," ಅಂದಳು ಅವಳು. "ಮೊದಲನೇ ನಿಮಿಷದಿಂದ. ಒಂದನ್ನೂ ಬಿಡಬೇಡ."

ಅವನು ಹೇಳತೊಡಗಿದ. ಒಳಗೆ ಬಾ ಅಂದರು, ಹೋದೆ. ಮೇಜಿನ ಸುತ್ತ ನಾಲ್ಕು ಜನ ಇದ್ದರು, ಕಾಲು ಮಾತ್ರ ಕಾಣುತ್ತಿತ್ತು, ನಿನ್ನ ಥರದ ಉದ್ದ ಪಾದ. ಕಂದು ಕೂದಲು, ತುಂಬಾ ಇತ್ತು, ಅದನ್ನು ನೀನೂ ನೋಡಿದೀಯ. ಮೊದಲು ನೀಲಿಯಾಗಿದ್ದಳು, ಒಂದು ಸಲ ಬಣ್ಣ ಬಂತು, ಆಗ ಒಬ್ಬಳು ನರ್ಸ್ ಬಾ ಬಾ ಮಗೂ ಅಂದಳು. ಆಮೇಲೆ ಮತ್ತೆ ಬಣ್ಣ ಹೋಯಿತು. ಹದಿಮೂರನೇ ನಿಮಿಷಕ್ಕೆ ಡಾಕ್ಟರ್ ಕೈ ನಿಲ್ಲಿಸಿದರು. ಇನ್ನು ಹೆಚ್ಚು ಹೊತ್ತಿಲ್ಲ, ಎತ್ತಿಕೊಳ್ಳುತ್ತೀಯಾ ಅಂದರು. ಎತ್ತಿಕೊಂಡೆ.

ಅಲ್ಲಿಗೆ ಬಂದು ಅವನು ಮಾತು ನಿಲ್ಲಿಸಿದ. ಕಿವಿ ಸುಡುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಆದರೂ ಸುಡುತ್ತಿತ್ತು.

"ಯಾಕೆ ನಿಲ್ಲಿಸ್ದೆ?"

"ಇದನ್ನ ಹೇಳಿದ್ರೆ ನೀನು ನನ್ನ ಜೊತೆ ಇರಲ್ಲ."

"ಇರೋದು ಬಿಡೋದು ಆಮೇಲೆ. ಹೇಳು."

"ಅವಳನ್ನ ಕೈಗೆ ಕೊಟ್ರು. ಬೆಚ್ಚಗಿದ್ದಳು. ಗೋಡೆ ಮೇಲೆ ಗಡಿಯಾರ ಇತ್ತು, ಕೆಳಗೆ ತಾರೀಕು. ನಾನು ಅದನ್ನ ನೋಡ್ದೆ ಜನೆಲ್. ನೋಡಿ..." ಅವನು ಹೀಟರಿನ ಗುಂಡಿ ತಿರುವಿ ಗಾಳಿ ಕಡಿಮೆ ಮಾಡಿದ. "ಹೇಗೂ ಈ ವರ್ಷದೊಳಗೇ ಹುಟ್ಟಿದಳು, ಲೆಕ್ಕಕ್ಕೆ ಬಂದಳು ಅಂದ್ಕೊಂಡೆ. ಬೇಕು ಅಂತ ಅಂದ್ಕೊಳ್ಳಲಿಲ್ಲ. ಬಂತು. ಮಗಳು ಕೈಯಲ್ಲಿ ಸಾಯ್ತಾ ಇದಾಳೆ, ನನ್ನ ತಲೇಲಿ ಅದು ಬಂತು. ನಿಂಗೆ ಅವತ್ತು ನಿಜ ಹೇಳಿದ್ರೆ ಇದನ್ನೂ ಹೇಳಬೇಕಾಗ್ತಿತ್ತು. ಅದಕ್ಕೇ ಹೇಳಲಿಲ್ಲ."

ಎದುರಿಗೆ ಲೈಬ್ರರಿಯ ಬಾಗಿಲು ತೆರೆದು ಮುಂದಿನ ದಂಪತಿ ಒಳಗೆ ಹೋದರು, ಗಂಡಸಿನ ಕಂಕುಳಲ್ಲಿ ಕಾಗದದ ಡಬ್ಬಿ. ಬಾಗಿಲಲ್ಲಿ ನಿಂತು ಅವನು ಬೂಟು ಕೊಡವಿಕೊಂಡ. ಜನೆಲ್ ಅವರನ್ನು ನೋಡಿದಳು. ಆಮೇಲೆ ಕರ್ಟ್ ಕಡೆ ತಿರುಗಿದಳು, ಆ ದಿನ ಮೊದಲ ಸಲ.

"ಅದು ಎಷ್ಟನೇ ನಿಮಿಷ?" ಅಂದಳು.

"ಹದಿನಾಲ್ಕು. ಹದಿನಾಲ್ಕೇ ಇರಬೇಕು."

"ಹಾಗಿದ್ರೆ ಇನ್ನೂ ಎಂಟು ಇದೆ," ಅಂದಳು ಜನೆಲ್. "ಹೇಳು."